ಲೆಫ್ಕಾ ಸಮಾಧಿಗೆ ತಂದದ್ದು

ನಮ್ಮ ಪ್ರಿಲೆಪ್ ಪಟ್ಟಣದಲ್ಲಿ ಲೆಫ್ಕಾಳ ಬಾಯಿಗೆ ಬೀಳದವರು ಯಾರೂ ಇಲ್ಲ. ಅವಳ ತಂಡದಲ್ಲಿ ಡೋಲು ಬಾರಿಸುವ ನಾನು, ಟ್ರಾಯ್ಕೊ, ಎಷ್ಟು ಸಲ ಬಿದ್ದಿದ್ದೇನೋ ಲೆಕ್ಕವಿಲ್ಲ. ಹಾಡುತ್ತಾಳೆ, ಕುಣಿಯುತ್ತಾಳೆ, ಶಾಲೆಗಳಲ್ಲಿ ಬೊಂಬೆ ಆಡಿಸುತ್ತಾಳೆ. ರೇಡಿಯೋ ನಾಟಕದಲ್ಲಿ ಅಜ್ಜಿಯೂ ಅವಳೇ, ಮೊಮ್ಮಗನೂ ಅವಳೇ, ಹಿತ್ತಲಲ್ಲಿ ಬೊಗಳುವ ನಾಯಿಯೂ ಅವಳೇ. ಮದುವೆಗೆ ಕರೆದರೆ ಬೀಗರನ್ನು ಅಣಕಿಸಿ, ಬೀಗರ ಕೈಯಿಂದಲೇ ಚಪ್ಪಾಳೆ ತಟ್ಟಿಸುತ್ತಾಳೆ.

ಇದೆಲ್ಲ ಶುರುವಾದದ್ದು ತಂಬಾಕು ಕಾರ್ಖಾನೆಯಲ್ಲಿ. ಎಲೆ ವಿಂಗಡಿಸುವ ಹೆಂಗಸರ ನಡುವೆ ನಿಂತು ಮೇಸ್ತ್ರಿಯ ಠೀವಿಯನ್ನು ಅಣಕಿಸುತ್ತಿದ್ದಾಗ ಮೇಸ್ತ್ರಿಯೇ ಬಾಗಿಲಲ್ಲಿ ನಿಂತಿದ್ದ. ಕ್ಷಮೆ ಕೇಳು ಎಂದ. ಅವಳು ಕೇಳಿದಳು, ಅವನದೇ ದನಿಯಲ್ಲಿ. ಅಂದೇ ಕೆಲಸ ಹೋಯಿತು. ಕಾರ್ಖಾನೆಯ ಲಾರಿ ಓಡಿಸುತ್ತಿದ್ದ ಕ್ಲಿಮೆ, ಅಕಾರ್ಡಿಯನ್ ನುಡಿಸುವ ಹುಡುಗ, ಹೊಟ್ಟೆ ಹಿಡಿದುಕೊಂಡು ನಕ್ಕು ಅದೇ ವರ್ಷ ಅವಳನ್ನು ಮದುವೆಯಾದ. ಮುಂದೆ ರಾಜಧಾನಿ ಸ್ಕೋಪ್ಯೆಯ ಟಿ.ವಿ.ಯವರು ಕರೆಸಿ, ಮಾತಿನಿಂದ ಪ್ರಿಲೆಪ್‌ನ ವಾಸನೆ ತೆಗೆದರೆ ಅವಕಾಶ ಕೊಡುತ್ತೇವೆ ಎಂದರು. "ಖಾರ ತೆಗೆದ ಮೆಣಸಿನಕಾಯಿ ನಿಮ್ಮಲ್ಲೇ ಬೇಕಾದಷ್ಟಿದೆಯಲ್ಲ" ಎಂದು ಹೇಳಿ ಮುಂದಿನ ರೈಲಿಗೇ ಮರಳಿದಳು.

ಈ ಜನವರಿಯಲ್ಲಿ ಕ್ಲಿಮೆ ತೀರಿಕೊಂಡ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಾಡಿಲ್ಲ, ಕುಣಿತವಿಲ್ಲ. ಆದರೆ ಮಾರ್ಚ್ ಎಂಟರ ಮಹಿಳಾ ದಿನದ ಕಾರ್ಯಕ್ರಮ ಯಾವತ್ತೂ ಲೆಫ್ಕಾಳದು. ಅಲ್ಲಿ ನೋಡಿದವರೇ ವರ್ಷದ ಮದುವೆಗಳಿಗೆಲ್ಲ ಅವಳನ್ನು ಕರೆಯುವುದು. ಸಂಸ್ಕೃತಿ ಭವನದ ನಿರ್ದೇಶಕ ಸ್ಪಾಸೆ ಕೈ ಹಿಸುಕಿಕೊಂಡ.

"ಅಕ್ಕಾ, ನಿಮ್ಮತ್ತೆ ಬಂದು ಬೇಡ ಅಂತ ಹೇಳಿಹೋಗಿದಾರೆ. ಅವರು ಹೂಂ ಅನ್ನದೆ ನಾನು ಪರದೆ ಎತ್ತಲ್ಲ."

"ಹೂಂ ಅನ್ನಿ ಅಂತ ನಾನು ಯಾರ ಕಾಲೂ ಹಿಡಿಯಲ್ಲ ಕಣೋ" ಎಂದಳು ಲೆಫ್ಕಾ. ಹೊರಗೆ ಬಂದ ಮೇಲೆ ನನಗೆ ಹೇಳಿದ್ದೇ ಬೇರೆ. "ಟ್ರಾಯ್ಕೊ, ವರ್ಷ ಬಾಯಿ ಮುಚ್ಕೊಂಡಿದ್ರೆ ಈ ಬಾಯಿ ಮತ್ತೆ ತೆಗೆಯಲ್ಲ. ನಂಗೀಗ ಐವತ್ತೆಂಟು."

ಕ್ಲಿಮೆ ಸತ್ತ ನಲವತ್ತನೆಯ ದಿನ ಪಾದ್ರಿಯನ್ನು ಕರೆದುಕೊಂಡು ಎಲ್ಲರೂ ಸ್ಮಶಾನಕ್ಕೆ ಹೋದೆವು. ಸತ್ತವನಿಗೆ ಇಷ್ಟವಾದದ್ದನ್ನು ಒಯ್ಯುವುದು ನಮ್ಮ ಪದ್ಧತಿ. ಅತ್ತೆ ವೆಲಿಕಾ ಸಕ್ಕರೆ ಹಾಕಿದ ಬೇಯಿಸಿದ ಗೋಧಿ ತಂದಿದ್ದಳು. ಸ್ಪಾಸೆ ಮಣ್ಣಿನ ಮೇಲೆ ವೈನ್ ಸುರಿದ. ನಾನು ಸಿಗರೇಟು ಹೊತ್ತಿಸಿ ತಲೆದೆಸೆಯಲ್ಲಿ ನೆಟ್ಟೆ. ಲೆಫ್ಕಾಳ ಕೈಯಲ್ಲಿ ಏನೂ ಇರಲಿಲ್ಲ.

"ಬರಿಗೈಲಿ ಬಂದಿದೀಯಲ್ಲೇ" ಎಂದಳು ವೆಲಿಕಾ. "ಗಂಡಂಗೆ ಏನಿಷ್ಟ ಅನ್ನೋದೂ ಮರೆತುಹೋಯ್ತಾ?"

"ತಂದಿದೀನಿ ಅತ್ತೆ."

ಕಪ್ಪು ತಲೆವಸ್ತ್ರವನ್ನು ಗದ್ದದ ಕೆಳಗೆ ಬಿಗಿದು ಕಟ್ಟಿ, ಗದ್ದ ಮುಂದೆ ಮಾಡಿ ನಿಂತಳು. ನನಗೆ ಕೂಡಲೇ ಗುರುತು ಸಿಕ್ಕಿತು. ಅತ್ತೆ ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುವ ಆಟ ಅದು. ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಕ್ಲಿಮೆಗೂ ನನಗೂ ಮಾತ್ರ ತೋರಿಸಿದ್ದು.

ಇಲ್ಲದ ಮೆಣಸಿನಕಾಯಿಯೊಂದನ್ನು ಎತ್ತಿ ಮೂಸಿದಳು. ಬಾಯಿಂದ ಬಂದದ್ದು ವೆಲಿಕಾಳ ದನಿಯೇ. "ಏನಯ್ಯಾ, ಇದು ಮೆಣಸಿನಕಾಯೋ ನಿಮ್ಮಜ್ಜನ ಮೂಗೋ? ಸಿಹೀದು ಕೊಡು. ನನ್ನ ಮಗ ಅಕಾರ್ಡಿಯನ್ ನುಡಿಸೋನು, ಬೆರಳು ಉರೀಬಾರದು." ಸಂತೆಯನ್ನೆಲ್ಲ ಸುತ್ತಿ, ಎಲ್ಲರನ್ನೂ ಬೈದು, ಕೊನೆಗೆ ಮೊದಲಿನವನ ಹತ್ತಿರವೇ ಬಂದಳು. "ನಿನ್ನ ಮುಖ ನೋಡಿ ಪಾಪ ಅನ್ನಿಸ್ತು. ಹಾಕು ಒಂದು ಮೂಟೆ."

ಪಾದ್ರಿ ಗಡ್ಡದೊಳಗೆ ಕೆಮ್ಮಿದ. ಅದು ಕೆಮ್ಮಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ವೆಲಿಕಾ ಗೋಧಿಯ ಬಟ್ಟಲು ಹಿಡಿದುಕೊಂಡು ಅಲುಗಾಡದೆ ನಿಂತಿದ್ದಳು. ಲೆಫ್ಕಾಳ ಕೆನ್ನೆ ಒದ್ದೆಯಾಗಿತ್ತು, ದನಿ ಮಾತ್ರ ನಡುಗಲಿಲ್ಲ. ಅಂಥ ಎದೆಗಾರಿಕೆ ನನಗಿಲ್ಲ, ಹೊಟ್ಟೆಕಿಚ್ಚಾಯಿತು.

"ಅವನಿಗೆ ಇಷ್ಟವಾದದ್ದು ಇದು" ಎಂದಳು. "ಬೈಯೋದಿದ್ರೆ ಈಗಲೇ ಬೈದ್ಬಿಡಿ ಅತ್ತೆ. ಮುಂದಿನ ಸಲವೂ ಇದನ್ನೇ ತರ್ತೀನಿ."

ವೆಲಿಕಾ ಗದ್ದದಿಂದ ಸಮಾಧಿಯನ್ನು ತೋರಿಸಿದಳು. "ಅಡುಗೆಮನೆಯಿಂದ ಅವನು ನಗೋದು ಕೇಳಿಸ್ತಿತ್ತು. ಇದಕ್ಕೇನಾ?"

"ಇದಕ್ಕೇ."

"ನಾನು ಮೂಸಲ್ಲ ಕಣೆ. ತೊಟ್ಟು ಮುರಿದು ನೋಡ್ತೀನಿ. ಇಷ್ಟು ವರ್ಷ ತಪ್ಪಾಗಿ ಮಾಡಿ ನನ್ನ ಮಗನಿಗೆ ತೋರಿಸಿದೀಯ." ಬಟ್ಟಲನ್ನು ಲೆಫ್ಕಾಳ ಕೈಗೆ ತುರುಕಿ ಸ್ಪಾಸೆಯತ್ತ ತಿರುಗಿದಳು. "ಎಂಟನೇ ತಾರೀಕು ಮುಂದಿನ ಸಾಲಲ್ಲಿ ನಂಗೊಂದು ಕುರ್ಚಿ ಹಾಕ್ಸು. ಅಲ್ಲೂ ಇವಳು ಮೂಸಿದ್ರೆ ಎದ್ದು ನಿಂತು ಹೇಳ್ತೀನಿ."