ಬೇರೆಯವರ ಕೈ ತುತ್ತು

ಗುಜರಿ ವ್ಯಾಪಾರದಲ್ಲಿ ನಮ್ಮ ಚಿಕ್ಕಮ್ಮನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಕೈಗಂತೂ ಇನ್ನೂ ಹೆದರುತ್ತಿದ್ದರು. ತಕ್ಕಡಿಯಲ್ಲಿ ಕೈಚಳಕ ತೋರಿಸಲು ಬಂದವನೊಬ್ಬನ ಹಲ್ಲನ್ನು ಅವಳು ಪೈಪಿನಿಂದ ಉದುರಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಚಿಕ್ಕಪ್ಪ ಮಾತ್ರ ಹಸುವಿನಂಥ ಮನುಷ್ಯ. ಅವರು ಗಾಡಿ ತಳ್ಳುವುದು, ಇವಳು ಬಯ್ಯುವುದು, ಹೀಗೆ ಸಂಸಾರ ಸಾಗಿತ್ತು.

ಅಂಗಡಿ ಕಾಯುತ್ತಿದ್ದ ಮುದಿ ನಾಯಿಗೆ ಯಾರೋ ಪಾಪಿಗಳು ಮಾಂಸದಲ್ಲಿ ವಿಷ ಹಾಕಿ, ತಾಮ್ರದ ತಂತಿಯನ್ನೆಲ್ಲ ಹೊತ್ತೊಯ್ದರು. ನಾಯಿ ನೊರೆ ಕಾರುತ್ತ, ಕಾಲು ಬಡಿಯುತ್ತ ಚಿಕ್ಕಮ್ಮನ ತೊಡೆಯ ಮೇಲೆಯೇ ಸತ್ತಿತು. ಅವಳು ಅಳಲಿಲ್ಲ. ಹೊಸ ಮರಿ ತರುತ್ತೇನೆ, ಅದು ನನ್ನ ಕೈ ಬಿಟ್ಟು ಇನ್ನೊಬ್ಬರ ಕೈಯಿಂದ ಒಂದು ತುಣುಕೂ ತಿನ್ನಬಾರದು ಎಂದಳು.

ಲಾರಿ ಶೆಡ್ಡಿನ ಹಿಂದೆ ಒಂದು ನಾಯಿ ಮರಿ ಹಾಕಿತ್ತು. ಚಿಕ್ಕಪ್ಪ ದುಂಡಗಿದ್ದ ಬಿಳಿ ಮರಿಯೊಂದನ್ನು ಎತ್ತಿಕೊಂಡು ಮುದ್ದಾಡುತ್ತಿದ್ದರು. ಚಿಕ್ಕಮ್ಮ ಕಬ್ಬಿಣದ ಬಾಣಲೆಯೊಂದನ್ನು ಮರಿಗಳ ಪಕ್ಕದಲ್ಲೇ ಎತ್ತಿ ಹಾಕಿದಳು. ಎಲ್ಲವೂ ಕುಂಯ್‌ಗುಟ್ಟುತ್ತ ದಿಕ್ಕಾಪಾಲಾದವು. ಒಂದು ಕೆಂಚು ಮರಿ ಮಾತ್ರ ತಿರುಗಿ ಬಂದು, ಬಾಣಲೆ ಮೂಸಿ ಬೊಗಳಿತು. ಎತ್ತಲು ಹೋದರೆ ಅವಳ ಹೆಬ್ಬೆರಳಿನಲ್ಲಿ ರಕ್ತ ಬರುವ ಹಾಗೆ ಕಚ್ಚಿತು. ಅವಳಿಗೆ ಖುಷಿಯೋ ಖುಷಿ. ತುಕ್ಕು ಎಂದು ಹೆಸರಿಟ್ಟಳು.

ಸಾಕುವುದರಲ್ಲಿ ಅವಳು ಏನೂ ಕಡಿಮೆ ಮಾಡಲಿಲ್ಲ. ತನ್ನ ಲೋಟದ ಹಾಲನ್ನೇ ಕುಡಿಸಿದಳು, ಮೈಮೇಲಿನ ಉಣ್ಣಿ ಹೆಕ್ಕಿದಳು, ಕಾಲ ಬಳಿ ಮಲಗಿಸಿಕೊಂಡಳು. ಆದರೆ ದಿನಾ ಸಂಜೆ ಪಾಠ ಇರುತ್ತಿತ್ತು. ಚಿಕ್ಕಪ್ಪ ಮಾಂಸ ಹಿಡಿದು ಕರೆಯಬೇಕು, ಮರಿ ಬಾಲ ಅಲ್ಲಾಡಿಸುತ್ತ ಬಂದು ಬಾಯಿ ಹಾಕುವಷ್ಟರಲ್ಲಿ ಅವಳು ರಬ್ಬರ್ ಪೈಪಿನಿಂದ ಮೂತಿಗೆ ಬಾರಿಸಬೇಕು. ಮರಿ ಕಿರುಚಿಕೊಂಡು ಉರುಳಾಡುತ್ತಿತ್ತು. ಆಮೇಲೆ ಅದೇ ಮಾಂಸವನ್ನು ತಾನೇ ತಿನ್ನಿಸುತ್ತಿದ್ದಳು. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಸಾಕು ಮಾರಾಯ್ತಿ, ಎಳೇ ಜೀವ ಅದು," ಎಂದರು ಚಿಕ್ಕಪ್ಪ ಒಮ್ಮೆ.

"ನೀವು ಸುಮ್ನೆ ಮಾಂಸ ಹಿಡೀರಿ. ಈ ಏಟಿಗೆ ಸಾಯಲ್ಲ ಅದು, ವಿಷಕ್ಕೆ ಸಾಯುತ್ತೆ."

ಕೊನೆಗೆ ಚಿಕ್ಕಪ್ಪ ಮೂಳೆ ಹಿಡಿದು ಹತ್ತಿರ ಬಂದರೆ ಸಾಕು, ತುಕ್ಕು ಗೋಡೆಗೆ ಮುಖ ಮಾಡಿ ನಡುಗುತ್ತ ಕೂರುತ್ತಿತ್ತು. ಅದನ್ನು ಅವಳು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದಳು.

ತುಕ್ಕು ಬೆಳೆದು ನಾಯಿಯಾದ ಮೇಲೆ ಒಂದು ಮಧ್ಯಾಹ್ನ, ಚಿಕ್ಕಪ್ಪ ಇಲ್ಲದ ಹೊತ್ತು ನೋಡಿ ಇಬ್ಬರು ಅಂಗಡಿಗೆ ನುಗ್ಗಿದರು. ಮೊದಲು ಮಾಂಸ ಎಸೆದರು. ತುಕ್ಕು ಅದನ್ನು ಮೂಸಲೂ ಇಲ್ಲ, ಒಬ್ಬನ ಮೀನಖಂಡಕ್ಕೇ ಬಾಯಿ ಹಾಕಿ ಕಿತ್ತಿತು. ಇನ್ನೊಬ್ಬ ತಂತಿಯ ಸುರುಳಿ ಎಳೆದ. ಚಿಕ್ಕಮ್ಮ ಬಿಡಬೇಕಲ್ಲ! ಅವನು ಕಬ್ಬಿಣದ ಸರಳಿನಿಂದ ಅವಳ ಕೈಗಳ ಮೇಲೆ ಬಾರಿಸಿದ, ಬೆರಳುಗಳು ನಜ್ಜುಗುಜ್ಜಾಗುವವರೆಗೂ ಬಾರಿಸಿದ. ಜನ ಕೂಗಿಕೊಂಡು ಬಂದಾಗ ಇಬ್ಬರೂ ಓಡಿದರು. ನೆಲದ ತುಂಬ ರಕ್ತ, ಅದರ ನಡುವೆ ತಂತಿ ಹಾಗೇ ಬಿದ್ದಿತ್ತು.

ಅವಳು ಆಸ್ಪತ್ರೆ ಸೇರಿದಳು. ಮನೆಯಲ್ಲಿ ತುಕ್ಕು ಊಟ ಬಿಟ್ಟಿತು. ಚಿಕ್ಕಪ್ಪ ಹಾಲಿಟ್ಟರು, ಮಾಂಸವಿಟ್ಟರು, ಮಗುವಿಗೆ ಹೇಳುವಂತೆ ಗೋಗರೆದರು. ಅದು ಗೋಡೆಗೆ ಮುಖ ಮಾಡಿ ನಡುಗುತ್ತಿತ್ತು. ತಟ್ಟೆಯಲ್ಲಿಟ್ಟು ದೂರ ಹೋದರೂ ಮುಟ್ಟಲಿಲ್ಲ. ನಾನು ಕೊಟ್ಟರೂ ಅಷ್ಟೇ. ಪಕ್ಕೆಲುಬು ಎದ್ದು ಕಂಡವು, ನೀರು ನೆಕ್ಕುವುದೂ ಕಡಿಮೆಯಾಯಿತು. ಆಗ ಚಿಕ್ಕಪ್ಪ ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋಗಿ ಹೇಳಿಯೇಬಿಟ್ಟರು.

"ನಾಯಿ ಸಾಯ್ತಾ ಇದೆ. ನಾನು ಕೊಟ್ರೆ ಮುಟ್ತಾ ಇಲ್ಲ. ನೀನು ಕಲಿಸಿದ್ದನ್ನ ಚೆನ್ನಾಗೇ ಕಲಿತಿದೆ."

ಅವರು ಹೆಂಡತಿಯ ಜೊತೆ ಅಷ್ಟು ಬಿರುಸಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಚಿಕ್ಕಮ್ಮ ಡಾಕ್ಟರರ ಜೊತೆ ಜಗಳವಾಡಿ ಅವತ್ತೇ ಮನೆಗೆ ಬಂದಳು. ಎರಡೂ ಕೈಗಳಿಗೆ ಬೆರಳ ತುದಿಯವರೆಗೆ ಪ್ಲಾಸ್ಟರ್. ತುಕ್ಕು ತೆವಳಿಕೊಂಡು ಬಂತು. ಪ್ಲಾಸ್ಟರಿನ ಮೇಲಿಟ್ಟ ಮಾಂಸವನ್ನು ಮೂಸಿತು, ಔಷಧಿಯ ವಾಸನೆಗೆ ಹಿಂದೆ ಸರಿಯಿತು. ಅದು ಅವಳ ಕೈಯಾಗಿರಲಿಲ್ಲ.

ಅವಳು ನೆಲಕ್ಕೆ ಕುಸಿದು, ತುಣುಕನ್ನು ತನ್ನ ಬಾಯಿಗಿಡಿ ಎಂದು ಗಂಡನಿಗೆ ಹೇಳಿದಳು. ಅಗಿದು, ಹಲ್ಲಲ್ಲಿ ಕಚ್ಚಿಕೊಂಡು, ನಾಯಿಯ ಮೂತಿಯ ಹತ್ತಿರ ಮುಖ ಒಯ್ದಳು. ತುಕ್ಕು ಬಾಯಿ ತೆರೆದು ಹಾಗೇ ನಿಂತಿತು. ಅದು ಮಾಂಸವನ್ನು ನೋಡುತ್ತಿರಲಿಲ್ಲ, ಅವಳ ತೋಳುಗಳನ್ನು ನೋಡುತ್ತಿತ್ತು. ಚಿಕ್ಕಮ್ಮ ಎರಡೂ ತೋಳುಗಳನ್ನು ಬೆನ್ನ ಹಿಂದೆ ಸರಿಸಿಕೊಂಡಳು. ತುಣುಕು ಬಾಯಿಂದ ಜಾರಿ ನೆಲಕ್ಕೆ ಬಿತ್ತು.

"ಹೊಡೆಯಲ್ಲ ಕಂದಾ. ತಿನ್ನು."

ಏಟು ಬಿದ್ದೇ ಬೀಳುತ್ತದೆ ಎಂಬಂತೆ ಕಣ್ಣು ಮುಚ್ಚಿ, ಮೈ ಮುದುಡಿಕೊಂಡೇ ಅದು ತಿಂದಿತು. ಚಿಕ್ಕಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಒರೆಸಿಕೊಳ್ಳಲು ಅವಳಿಗೆ ಕೈಯಿರಲಿಲ್ಲ, ಚಿಕ್ಕಪ್ಪ ತಮ್ಮ ಟವೆಲಿನಿಂದ ಒರೆಸಿದರು.