ಎರಡನೆಯ ಈಡು

ಅಂದು ನಸುಕಿಗೇ ಎದ್ದು ರಾಗಿ ಬೀಸಿದ್ದೆ, ಕೊಟ್ಟಿಗೆ ಗುಡಿಸಿ ಎಮ್ಮೆ ಕರೆದಿದ್ದೆ, ಬಚ್ಚಲ ಹಂಡೆ ತುಂಬಿದ್ದೆ. ನನ್ನ ಗಂಡನ ಅಣ್ಣ, ನಮ್ಮ ಮಲ್ಲೇಗೌಡ ಭಾವ, ಇನ್ನೂ ಮುಖವನ್ನೇ ತೊಳೆದಿರಲಿಲ್ಲ. ಜಗುಲಿಯಲ್ಲಿ ಕೂತು ಹಳೆ ಪಂಚೆಯ ತುಂಡಿನಿಂದ ಕೋವಿ ಒರೆಸುತ್ತಿದ್ದರು, ಕೂಸಿನ ಕಿವಿ ಒರೆಸುವಷ್ಟು ಮೆತ್ತಗೆ. ದಿನವೂ ಅದೇ ಅವರ ಮೊದಲ ಕೆಲಸ.

ಮಳವಳ್ಳಿ ಕಡೆಯ ನಮ್ಮ ಬಯಲಿಗೆ ನಾಲೆ ನೀರು ಬಂದು ಕಬ್ಬು ಎದ್ದಿತು, ಕಬ್ಬಿನ ಹಿಂದೆಯೇ ಕಾಡುಹಂದಿಗಳೂ ಬಂದವು. ಭಾವ, ಪ್ರತಿ ಗುಂಡಿಗೂ ಮದ್ದು ಗಿಡಿಯಬೇಕಾದ ಮನೆಯ ಕೇಪಿನ ಕೋವಿ ಮಾರಿ, ತನ್ನ ಸೀಮೆಗೆ ಮರಳುತ್ತಿದ್ದ ಇಂಗ್ಲಿಷ್ ದೊರೆಯೊಬ್ಬನಿಂದ ಈ ರೈಫಲ್ಲು ತಂದಿದ್ದರು. ಹಿಡಿ ಹಳೆಯ ಕೋವಿಯದರಂತೆ ಮರದ್ದೇ. ಒಳಗಿನ ಕೆಲಸ ಮಾತ್ರ ಹೊಸದು. ಒಂದು ಗುಂಡು ಹಾರಿದೊಡನೆ ಇನ್ನೊಂದು ತಾನಾಗಿ ಬಂದು ಕೂರುತ್ತಿತ್ತು, ಬೆರಳು ಎಳೆದರೆ ಸಾಕು.

ಪಕ್ಕದ ಹೊಲದ ಕರೀಗೌಡರು ಭಾವನ ಓರಗೆಯವರು. ಭಾವನನ್ನು ಕೆಣಕದಿದ್ದರೆ ಅವರಿಗೆ ಬೆಳಗಾಗುತ್ತಿರಲಿಲ್ಲ.

"ಏನ್ಲಾ ಮಲ್ಲಾ, ಕೋವಿಗೂ ಎಣ್ಣೆ ನೀರಾ? ಎಂಡ್ರಿಗೆ ಒಂದಿನ ಎರೆದಿದ್ದೀಯೇನ್ಲಾ?"

"ಗಾಯಾದ ಅಂದಿ ಮ್ಯಾಲ್ ಬಿದ್ರೆ, ನೀನು ಮದ್ದು ಗಿಡಿಯೋಗಂಟ ನಿಂತಿರ್ತದೇನ್ಲಾ? ಇದು ಜೀವ ಉಳಿಸ್ತದೆ ಕಣ್ಲಾ."

"ಉಳಿಸ್ತದೆ, ಉಳಿಸ್ತದೆ. ಗುಂಡಿನ ತೋಟಾ ತೀರೋದ್ರೆ? ಮಳವಳ್ಳಿ ಸಂತೇಲಿ ತೂಕುಕ್ ಆಕ್ತಾರಾ? ಆಮ್ಯಾಕೆ ಒನಕೆ ಮಾಡ್ಕೊ."

ಭಾವ ನಕ್ಕು ಮತ್ತೆ ಕೋವಿ ಒರೆಸತೊಡಗಿದರು.

ಕಬ್ಬು ಕಾಯುವವರಲ್ಲಿ ಒಂದು ರೂಢಿಯಿತ್ತು. ಕೋವಿ ಹಾರಿದ ಒಂದು ಈಡು ಕೇಳಿದರೆ ಸುತ್ತಲ ಹೊಲದವರು ದೊಣ್ಣೆ ಹಿಡಿದು ಅತ್ತ ಓಡುತ್ತಿದ್ದರು. ಕೇಪಿನ ಕೋವಿಗೆ ಮತ್ತೆ ಮದ್ದು ತುಂಬಲು ಹೊತ್ತು ಬೇಕು. ಅಷ್ಟರೊಳಗೆ ಕೋವಿಯ ಎದುರಿಗೆ ಹೋದರೂ ಭಯವಿಲ್ಲ.

ಆ ಸಂಜೆ ನಾನು ಹಿತ್ತಿಲಲ್ಲಿ ಸೌದೆ ಎತ್ತಿಡುತ್ತಿದ್ದೆ. ಬಯಲಿನಿಂದ ಒಂದು ಈಡು ಕೇಳಿತು, ಅದರ ಬೆನ್ನಿಗೇ ಇನ್ನೊಂದು. ಆಮೇಲೆ ತಿಳಿಯಿತು, ಗಾಯಗೊಂಡ ಹಂದಿ ತಿರುಗಿ ನುಗ್ಗಿತ್ತು, ಭಾವ ಮತ್ತೆ ಎಳೆದಿದ್ದರು. ಕಬ್ಬಿನ ಆಚೆಯಿಂದ ಕರೀಗೌಡರು ಓಡಿ ಬರುತ್ತಿದ್ದರು. ಎರಡನೆಯ ಗುಂಡು ಅವರ ಮಂಡಿಗೆ ತಗುಲಿತು.

ಗಾಡಿಗೆ ಹಾಕುವಾಗ ಅವರು ಅಂದದ್ದು ಇಷ್ಟೇ: "ಒಂದ್ ಈಡಾಯ್ತಲ್ಲಾ ಅಂತ ಬಂದೆ ಕಣ್ಲಾ."

ಮಂಡ್ಯದ ಆಸ್ಪತ್ರೆಯಲ್ಲಿ ಕಾಲು ತೆಗೆದರು. ಪೊಲೀಸಿನವರಿಗೆ ಕರೀಗೌಡರು ತಾವೇ ಅಡ್ಡ ಬಂದುದಾಗಿ ಹೇಳಿದರು. ಮನೆಗೆ ಬಂದ ಮೇಲೆ, ಭಾವ ಕೋವಿಯನ್ನು ಠಾಣೆಗೆ ಒಪ್ಪಿಸುತ್ತಾರೆಂದು ಕೇಳಿ ಮಂಚದಲ್ಲೇ ಕೂಗಾಡಿದರು.

"ಕೊಟ್ಬುಟ್ರೆ ನನ್ ಕಬ್ಬು ಕಾಯೋರ್ಯಾರ್ಲಾ? ನಾನು ಕುಂಟ್ಕೊಂಡ್ ಓಡುಸ್ಲಾ?"

"ನಿನ್ ಕಬ್ಬು ನಾನ್ ಕಾಯ್ತೀನಿ. ಕೋವಿ ಮಾತ್ರ ಕೇಳ್ಬ್ಯಾಡ."

ಕೋವಿ ಹೋಯಿತು. ಅಂದಿನಿಂದ ಭಾವ ಸೀಮೆಎಣ್ಣೆ ಡಬ್ಬ ಬಡಿಯುತ್ತಾ ಎರಡು ಹೊಲಕ್ಕೂ ಒಬ್ಬರೇ ಕಾವಲು. ಮಳೆಗಾಲದಲ್ಲೂ ಹೊಲದ ಕಾವಲಿನ ಅಟ್ಟಣೆ ಇಳಿಯಲಿಲ್ಲ. ನಾಲೆ ಬಯಲಿನ ಸೊಳ್ಳೆ ಸಾಮಾನ್ಯದ್ದಲ್ಲ. ಚಳಿಜ್ವರ ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಒಂದು ಮಧ್ಯಾಹ್ನ ಅವರನ್ನು ಕಂಬಳಿಯಲ್ಲಿ ಹೊತ್ತು ತಂದರು.

ಸಂಜೆಗೆ ಕರೀಗೌಡರು ಊರುಗೋಲಿನಲ್ಲಿ ಬಂದರು. "ಇಳಿಯೋ ಅಂದ್ರೆ ಕೇಳ್ದ್ಯೇನ್ಲಾ?"

"ನಿಂದೊಂದು ಜಲ್ಲೆನೂ ಮುರುದಿಲ್ಲ. ಓಗ್ ನೋಡ್ಕೊ."

"ಕಬ್ಬಿಗ್ ಬೆಂಕಿ ಬೀಳ!" ಎಂದು ಕರೀಗೌಡರು ಮುಖ ತಿರುಗಿಸಿದರು.

ಅಂದು ಮುದ್ದೆ, ಹುರುಳಿಕಾಳಿನ ಉಪ್ಸಾರು. ಭಾವ ಎರಡು ತುತ್ತು ತಿಂದು ತಟ್ಟೆ ಸರಿಸಿದರು. ನಮ್ಮೊಡನೆ ಅವರು ಉಂಡದ್ದು ಅದೇ ಕೊನೆ. ಕರೀಗೌಡರು ಮನೆಗೆ ಹೋಗದೆ, ಭಾವನ ಹಾಸಿಗೆಯ ತಲೆದೆಸೆಯಲ್ಲಿ ಕಂಬಕ್ಕೆ ಒರಗಿ ಕೂತರು. ಎಲ್ಲರಿಗಿಂತ ಮೊದಲು ಭಾವ ಮಲಗಿದರು.