ಹಿಟ್ನಾಳದ ಮನೆಯಿಂದ ಹೊರಗೆ ಹೋಗುತ್ತಿದ್ದ ಡಾಟಾ

2023ರ ಮಳೆಗಾಲ. ಆಗ ನಾನು ಒಂದು ಖಾಸಗಿ ಫೈಬರ್ ಇಂಟರ್ನೆಟ್ ಕಂಪನಿಯಲ್ಲಿ ಕೊಪ್ಪಳ ತಾಲೂಕಿನ ಫೀಲ್ಡ್ ಸೂಪರ್‌ವೈಸರ್ ಆಗಿದ್ದೆ. ಅದಕ್ಕೂ ಮುಂಚೆ ಸರ್ಕಾರಿ ಕೆಲಸದಲ್ಲಿ ಮೂರು ದಶಕ ದೂರವಾಣಿ ಕಂಬ ಹತ್ತಿ ಇಳಿದವನು. ನಿವೃತ್ತಿಯಾದ ಮರುವರ್ಷವೇ ಹೆಂಡತಿ ತೀರಿಕೊಂಡಳು. ನಮಗೆ ಮಕ್ಕಳಿರಲಿಲ್ಲ. ಗಂಗಾವತಿಯ ಮನೆಯಲ್ಲಿ ಒಬ್ಬನೇ ಕೂತು ಗೋಡೆ ನೋಡುವುದಕ್ಕಿಂತ ಊರೂರು ತಿರುಗುವುದೇ ವಾಸಿ ಎಂದು ಈ ಕೆಲಸ ಹಿಡಿದಿದ್ದೆ. ಇದರಲ್ಲಿ ಒಂದು ಅನುಕೂಲವಿತ್ತು. ದಿನಕ್ಕೆ ನಾಲ್ಕು ಮನೆಯವರಾದರೂ ‘ಬರ್ರಿ, ಕುಂದರ್ರಿ, ಚಾ ಕುಡೀರಿ’ ಅನ್ನುತ್ತಿದ್ದರು. ನೆಟ್ ಹೋದಾಗ ನಮ್ಮನ್ನು ನೆನೆಯುವ ಜನ ನೆಟ್ ಬಂದ ಕೂಡಲೇ ಮರೆಯುತ್ತಾರೆ, ಅದು ಬೇರೆ ಮಾತು.

ಹಿಟ್ನಾಳದ ಶರಣಪ್ಪನವರ ದೂರು ಬಂದದ್ದು ಆಗಲೇ. ಹೆದ್ದಾರಿ ಪಕ್ಕದಲ್ಲಿ ಅವರದು ಬೀಜ ಗೊಬ್ಬರದ ಅಂಗಡಿ, ಊರೊಳಗೆ ದೊಡ್ಡ ಅಂಗಳದ ಮನೆ. ಮನೆಯಲ್ಲಿ ಅವರು, ಅವರ ಹೆಂಡತಿ ನೀಲವ್ವ, ಅಂಗಡಿ ನೋಡಿಕೊಳ್ಳುವ ಮಗ ಬಸವರಾಜ. ಅವರ ಪ್ಲಾನಿನಲ್ಲಿ ತಿಂಗಳಿಗೆ ನಾನೂರು ಜಿಬಿ ಡಾಟಾ ಇತ್ತು. ಮೂರು ಜನರ ಮನೆಗೆ ಅದು ಹೊಳೆಯಷ್ಟು ನೀರು. ಆದರೂ ತಿಂಗಳು ಮುಗಿಯುವ ಮೊದಲೇ ಅದು ಖಾಲಿಯಾಗಿ, ವೇಗ ಎತ್ತಿನ ಬಂಡಿಗೆ ಇಳಿಯುತ್ತಿತ್ತು.

“ಇಷ್ಟು ನೆಟ್ ಯಾರು ತಿಂತಾರ್ರೀ? ನಮ್ಮ ಮನ್ಯಾಗ ಪಿಚ್ಚರ್ ನೋಡೋರೂ ಇಲ್ಲ,” ಎಂದರು ಶರಣಪ್ಪ. ಕಳ್ಳನನ್ನು ಅವರು ಅಷ್ಟರಲ್ಲಿ ಹಿಡಿದೂ ಆಗಿತ್ತು. “ಗ್ವಾಡಿ ಆ ಕಡೆ ಹನುಮಪ್ಪನ ಹುಡುಗ್ರು ಹಗಲೆಲ್ಲ ಮೊಬೈಲ್ ಹಿಡಕೊಂಡ ಕುಂದರ್ತಾವ. ಅವ್ರದ ಕೆಲಸ ಇದು. ನೀವು ಹೂಂ ಅನ್ರಿ ಸಾಕು, ಮುಂದಿಂದು ನಾ ನೋಡ್ಕೊಂತೀನಿ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನಲ್ಲ ನಾನು. ಹೂಂ ಅನ್ನಲಿಲ್ಲ. ವೈಫೈ ಪಾಸ್‌ವರ್ಡ್ ಬದಲಿಸಿದೆ, ಹೊಸದನ್ನು ಮನೆಯ ಮೂವರಿಗೆ ಮಾತ್ರ ಕೊಟ್ಟೆ. ಪಕ್ಕದ ಮನೆಯವರು ಕದಿಯುತ್ತಿದ್ದರೆ ಅವತ್ತಿಗೇ ನಿಲ್ಲಬೇಕು. ಮುಂದಿನ ತಿಂಗಳೂ ಅದೇ ಕಥೆಯಾಯಿತು. ಹನುಮಪ್ಪನ ಹುಡುಗರು ಪಾರಾದರು. ಅಷ್ಟರೊಳಗೆ ಶರಣಪ್ಪ ಹನುಮಪ್ಪನ ಜೊತೆ ಮಾತು ಬಿಟ್ಟಿದ್ದರು. ಮಾತು ಬಿಡುವುದರಲ್ಲಿ ಅವರದು ಎತ್ತಿದ ಕೈ ಎಂದು ನನಗೆ ತಿಳಿದದ್ದು ಆಮೇಲೆ.

ಎರಡನೇ ಸಲ ಹೋದಾಗ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ, ಬೆಳಿಗ್ಗೆಯೇ ಅವರ ಪಡಸಾಲೆಯಲ್ಲಿ ಕೂತೆ. ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಹೊರಗಿನಿಂದ ಮನೆಗೆ ಬರುವ ಡಾಟಾ ಡೌನ್‌ಲೋಡ್, ಮನೆಯಿಂದ ಹೊರಗೆ ಹೋಗುವುದು ಅಪ್‌ಲೋಡ್. ಬಳಕೆಯ ಲೆಕ್ಕದಲ್ಲಿ ಎರಡೂ ಸೇರುತ್ತವೆ. ಸಾಮಾನ್ಯವಾಗಿ ಮನೆಗೆ ಬರುವುದು ಬಹಳ, ಹೋಗುವುದು ಸ್ವಲ್ಪ. ಈ ಮನೆಯಲ್ಲಿ ಉಲ್ಟಾ ಆಗಿತ್ತು. ಬರುವುದು ಹನಿ ಹನಿ, ಹೋಗುವುದು ಧಾರಾಕಾರ. ಯಾರೋ ಒಳಗೆ ಬಂದು ಕದಿಯುತ್ತಿಲ್ಲ, ಈ ಮನೆಯೇ ಏನನ್ನೋ ಹೊರಗೆ ಕಳಿಸುತ್ತಿದೆ ಎಂದಾಯಿತು.

ಟಿವಿ ಬಂದ್ ಮಾಡಿಸಿದೆ, ಮೊಬೈಲುಗಳ ವೈಫೈ ತೆಗೆಸಿದೆ. ಧಾರೆ ನಿಲ್ಲಲಿಲ್ಲ. ಕೊನೆಗೆ ಉಳಿದದ್ದು ಅಂಗಳದ ಕ್ಯಾಮೆರಾ. ಟ್ರ್ಯಾಕ್ಟರಿನ ಬ್ಯಾಟರಿ ಕಳುವಾದ ಮೇಲೆ ಪಡಸಾಲೆಯ ಕಂಬಕ್ಕೆ ಹಾಕಿಸಿದ್ದಂತೆ. ಅದಕ್ಕೆ ವೈಫೈ ಅಲ್ಲ, ನೇರ ವೈರ್ ಇತ್ತು, ಹಾಗಾಗಿ ಪಾಸ್‌ವರ್ಡ್ ಬದಲಿಸಿದ್ದು ಅದಕ್ಕೆ ತಟ್ಟಿರಲಿಲ್ಲ. ಅದರ ವೈರ್ ಕಿತ್ತ ತಕ್ಷಣ ಅಪ್‌ಲೋಡ್ ತಣ್ಣಗಾಯಿತು. ಹಾಕಿದ ಸ್ವಲ್ಪ ಹೊತ್ತಿಗೆ ಮತ್ತೆ ಶುರು.

ನನಗೆ ಆಶ್ಚರ್ಯವಾಯಿತು. ಅಂಥ ಕ್ಯಾಮೆರಾ ತನ್ನ ಹೊಟ್ಟೆಯೊಳಗಿನ ಮೆಮೊರಿ ಕಾರ್ಡಿನಲ್ಲೇ ವಿಡಿಯೊ ತುಂಬಿಕೊಳ್ಳುತ್ತದೆ, ಅದಕ್ಕೆ ನೆಟ್ ಬೇಕಿಲ್ಲ. ದೂರದಲ್ಲಿ ಯಾರಾದರೂ ಮೊಬೈಲಿನಲ್ಲಿ ತೆರೆದು ನೋಡಿದಾಗ ಮಾತ್ರ ಚಿತ್ರ ಹೊರಗೆ ಹೋಗುತ್ತದೆ. ಹಾಗೆ ನೋಡಿದರೆ ಗಂಟೆಗೆ ಹತ್ತಿರ ಹತ್ತಿರ ಒಂದೂವರೆ ಜಿಬಿ ಬೇಕು. ಅಂದರೆ ಈ ಅಂಗಳವನ್ನು ಯಾರೋ ಹಗಲೆಲ್ಲ, ದಿನಾಲೂ ನೋಡುತ್ತ ಕೂತಿದ್ದಾರೆ. ಎಮ್ಮೆ, ಬಣವೆ, ನಿಂತ ಟ್ರ್ಯಾಕ್ಟರ್, ಜೋಳ ಕೇರುವ ನೀಲವ್ವ, ಇಷ್ಟು ಬಿಟ್ಟು ಅಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ.

ಶರಣಪ್ಪನವರ ಮೊಬೈಲ್ ಇಸಿದುಕೊಂಡು ಕ್ಯಾಮೆರಾದ ಆ್ಯಪ್ ತೆರೆದೆ. ಅವರು ಅಂಗಡಿಯಿಂದ ಆಗೊಮ್ಮೆ ಈಗೊಮ್ಮೆ ನೋಡುತ್ತಿದ್ದರು, ಅಷ್ಟೇ. ಖಾತೆಯಲ್ಲಿ ಎರಡು ಫೋನುಗಳು ಕಂಡವು. ಒಂದು ಇವರದು. ಖಾತೆ ಇದ್ದದ್ದು ಇನ್ನೊಂದು ಫೋನಿನವರ ಹೆಸರಿನಲ್ಲಿ.

“ರೇಣುಕಾ ಅಂದ್ರ ಯಾರ್ರೀ?” ಎಂದು ಕೇಳಿದೆ.

ಶರಣಪ್ಪ ಎದ್ದು ಅಂಗಳಕ್ಕೆ ಇಳಿದು ಬೇವಿನ ಮರದ ಕೆಳಗೆ ಬೆನ್ನು ಮಾಡಿ ನಿಂತರು. ನೀಲವ್ವ ಮೊರ ಕೆಳಗಿಟ್ಟು ನನ್ನ ಹತ್ತಿರ ಬಂದರು.

“ಮಗಳ್ರಿ. ಹಿರೇಕಿ,” ಎಂದರು. “ಆ ಕ್ಯಾಮೆರಾ ಜೋಡ್ಸಿದಾಕಿನೂ ಅಕೀನ.”

ಅವರು ತಗ್ಗಿದ ದನಿಯಲ್ಲಿ ಹೇಳಿದ್ದು ಇಷ್ಟು. ಎರಡು ವರ್ಷದ ಹಿಂದೆ ರೇಣುಕಾ ತಾನು ಮೆಚ್ಚಿದ ಬೇರೆ ಜಾತಿಯ ಹುಡುಗನನ್ನು ಮದುವೆಯಾದಳು. ಹುಡುಗ ಯಲಬುರ್ಗಾದಲ್ಲಿ ಸರ್ಕಾರಿ ಕಚೇರಿಯೊಂದರ ಗುಮಾಸ್ತ. ಅವತ್ತಿನಿಂದ ಈ ಮನೆಯಲ್ಲಿ ಅವಳ ಹೆಸರು ಎತ್ತುವಂತಿಲ್ಲ. ಶರಣಪ್ಪ ರೇಷನ್ ಕಾರ್ಡಿನಿಂದ ಅವಳ ಹೆಸರು ತೆಗೆಸಿದರು, ಗೋಡೆಯ ಫೋಟೊ ಇಳಿಸಿದರು, ಮನೆಯ ಎಲ್ಲರ ಮೊಬೈಲಿನಿಂದ ಅವಳ ನಂಬರು ಅಳಿಸಿದರು. ಮಗಳನ್ನು ಎಲ್ಲ ಕಡೆಯಿಂದ ತೆಗೆದುಹಾಕಿದ ಅಪ್ಪ, ಕಂಬದ ಮೇಲಿನ ಕ್ಯಾಮೆರಾ ಅವಳ ಹೆಸರಿನಲ್ಲಿದೆ ಎಂಬುದನ್ನೇ ಮರೆತಿದ್ದರು.

ಶರಣಪ್ಪ ತಿರುಗಿ ಬಂದಾಗ ಮುಖ ಕೆಂಪಾಗಿತ್ತು. “ಅವರನ್ನ ಅದರಾಗಿಂದ ತೆಗೀರಿ. ಈಗ ತೆಗೀರಿ,” ಎಂದರು. ಮಗಳಿಗೆ ‘ಅವರು’ ಅಂದದ್ದು ಮರ್ಯಾದೆಗಲ್ಲ, ಪರಕೀಯಳು ಎಂದು ತೋರಿಸಲಿಕ್ಕೆ.

ತೆಗೆಯುವುದು ಅಷ್ಟು ಸುಲಭವಿರಲಿಲ್ಲ. ಇಂಥ ಕ್ಯಾಮೆರಾ ಮೊದಲು ಜೋಡಿಸಿದವರ ಖಾತೆಗೆ ಅಂಟಿಕೊಂಡಿರುತ್ತದೆ. ರಿಸೆಟ್ ಮಾಡಿದರೂ ಬಿಡುವುದಿಲ್ಲ. ಅದನ್ನು ಬಿಡಿಸಲು ಒಂದು ಒಟಿಪಿ, ಅಂದರೆ ಒಂದೇ ಸಲ ನಡೆಯುವ ಗುಪ್ತ ಸಂಖ್ಯೆ ಬೇಕು. ಅದು ಖಾತೆದಾರರ ಮೊಬೈಲಿಗೇ ಬರುತ್ತದೆ. ಅಂದರೆ ಮಗಳನ್ನು ಹೊರಗೆ ಹಾಕಬೇಕಾದರೆ ಮಗಳನ್ನೇ ಕೇಳಬೇಕು. ನಾನು ಇದನ್ನು ಶರಣಪ್ಪನವರಿಗೆ ಹೇಳಿದೆ.

“ಹಂಗಾದ್ರ ನೀವ ಕೇಳ್ರಿ. ನಾ ಮಾತಾಡಂಗಿಲ್ಲ,” ಎಂದರು.

“ನಂಬರ್ ಅಳಿಸೀರಂತಲ್ರಿ?”

ಅವರು ನೆಲ ನೋಡುತ್ತ ಹತ್ತೂ ಅಂಕಿಗಳನ್ನು ಎಲ್ಲಿಯೂ ತಡವರಿಸದೆ ಹೇಳಿದರು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡರು.

ಶರಣಪ್ಪನವರ ಮೊಬೈಲಿನಲ್ಲಿ ಒಟಿಪಿ ಕಳಿಸುವ ಗುಂಡಿ ಒತ್ತಿ, ನನ್ನ ಮೊಬೈಲಿನಿಂದ ಕರೆ ಮಾಡಿ ಸ್ಪೀಕರ್ ಹಾಕಿದೆ. ಮೊದಲ ರಿಂಗಿಗೇ ಎತ್ತಿದಳು.

“ನೀವು ಪಡಸಾಲ್ಯಾಗ ಮಾತಾಡಿದ್ದೆಲ್ಲ ಕೇಳಿಸಿತ್ರಿ,” ಎಂದಳು. ಕ್ಯಾಮೆರಾಕ್ಕೆ ಕಿವಿಯೂ ಇರುತ್ತದೆ ಎಂಬುದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. “ಒಟಿಪಿ ಬಂದೈತ್ರಿ, ಹೇಳ್ತೀನಿ. ನಾ ಏನೂ ಕೇಡು ಮಾಡಬೇಕಂತ ನೋಡಿಲ್ರಿ. ಇವರು ಆಫೀಸಿಗೆ ಹೋದ್ರ ಸಂಜಿ ತನ ಮನ್ಯಾಗ ನಾ ಒಬ್ಬಾಕಿ. ಇಲ್ಲಿ ಮಂದಿ ನಮ್ಮನ್ನ ಭಾಳ ಮಾತಾಡ್ಸಂಗಿಲ್ಲ. ಮೊಬೈಲ್ ಒಲಿ ಬಾಜೂಕ ಇಟಗೊಂಡು ಅಡಿಗಿ ಮಾಡ್ತೀನಿ. ಅವ್ವ ಓಡ್ಯಾಡೂದು ಕಾಣತೈತಿ. ಅಷ್ಟ.”

ಅವಳು ಅಳುತ್ತಿರಲಿಲ್ಲ. ಬಸ್ ನಿಲ್ದಾಣದಲ್ಲಿ ಬಸ್ಸಿನ ವೇಳೆ ಹೇಳುವವರ ಹಾಗೆ ಹೇಳುತ್ತಿದ್ದಳು. ನಾನು ಅಂಕಿ ಒತ್ತಲು ಬೆರಳು ಹಿಡಿದು ಕಾದೆ.

“ಅದಕ್ಕೂ ಮೊದ್ಲ ಒಂದ ಮಾತ್ರಿ. ಇನ್ನ ನನಗ ಕಾಣಂಗಿಲ್ಲಲ್ಲ, ಅದಕ್ಕ ಕೇಳ್ತೀನಿ. ಅಪ್ಪಾರ ಎಡಗಾಲಿಗೆ ಏನಾಗೈತಿ? ಎರಡ ವಾರ ಆತು, ಹಿಮ್ಮಡ ಊರವಲ್ರು.”

ನಾನು ಶರಣಪ್ಪನವರ ಕಾಲು ನೋಡಿದೆ. ಮುಂಗಾಲಿನ ಮೇಲೆ ನಿಂತಿದ್ದರು. ಬೆಳಿಗ್ಗೆಯಿಂದ ಅವರ ಎದುರಿಗೇ ಕೂತಿದ್ದ ನನಗೆ ಅದು ಕಂಡಿರಲಿಲ್ಲ. ನೀಲವ್ವ ಗಾಬರಿಯಿಂದ, “ಮೊಣಕಾಲ ನೋವು ಅಂದಿದ್ರಿ ನನ್ನ ಮುಂದ?” ಎಂದರು.

ನಮ್ಮ ಕಡೆ ಒಂದು ಪದ್ಧತಿ ಇದೆ. ಮಾತು ಬಿಟ್ಟವರು ಒಬ್ಬರಿಗೊಬ್ಬರು ನೇರ ಮಾತಾಡುವುದಿಲ್ಲ, ನಡುವೆ ಒಬ್ಬರನ್ನು ಇಟ್ಟುಕೊಳ್ಳುತ್ತಾರೆ. ಎದುರುಬದುರು ಕೂತಿದ್ದರೂ ‘ಅವರಿಗೆ ಹೇಳ್ರಿ’ ಎಂದೇ ಮಾತು ಸಾಗುತ್ತದೆ. ಯಾರೂ ಸಿಗದಿದ್ದರೆ ಎಮ್ಮೆಗೆ ಹೇಳಿ ಹೆಂಡತಿಗೆ ಕೇಳಿಸುವ ಗಂಡಂದಿರನ್ನೂ ನಾನು ಕಂಡಿದ್ದೇನೆ. ಅವತ್ತು ಆ ಎಮ್ಮೆಯ ಜಾಗದಲ್ಲಿ ನಾನಿದ್ದೆ.

“ಜಾಲಿಮುಳ್ಳ ಮುರದೈತಿ ಅಂತ ಹೇಳ್ರಿ,” ಎಂದರು ಶರಣಪ್ಪ, ನನ್ನ ಕಡೆ ನೋಡಿ.

ನಾನು ಬಾಯಿ ತೆರೆಯುವ ಮೊದಲೇ ಸ್ಪೀಕರಿನಿಂದ ಬಂತು. “ಶುಗರ್ ಇದ್ದಾವ್ರು ಹಂಗ ಬಿಡಬಾರ್ದು ಅಂತ ಹೇಳ್ರಿ. ಇವತ್ತ ದವಾಖಾನಿಗೆ ಹೋಗ್ಬೇಕು ಅಂತ ಹೇಳ್ರಿ.”

“ಹೊಲದಾಗ ಕೆಲಸ ಇತ್ತು ಅಂತ ಹೇಳ್ರಿ.”

“ಕಾಲಿದ್ರ ಹೊಲ ಅಂತ ಹೇಳ್ರಿ.”

ಶರಣಪ್ಪ ಪಡಸಾಲೆಯ ಕಟ್ಟೆಯ ಮೇಲೆ ಕೂತರು. ದನಿ ಇಳಿಯಿತು. “ಹೊಕ್ಕೀನಿ ಅಂತ ಹೇಳ್ರಿ,” ಎಂದರು. ಎರಡು ವರ್ಷದ ಮೇಲೆ ಅಪ್ಪ ಮಗಳು ಆಡಿದ ಮಾತು ಅದು. ನನ್ನ ಪಾಲಿಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ, ಆದರೆ ನಾನಿಲ್ಲದೆ ಅದು ನಡೆಯುತ್ತಲೂ ಇರಲಿಲ್ಲ.

ಒಟಿಪಿಗೆ ಆಯುಷ್ಯ ಕಡಿಮೆ. ಈ ಮಾತುಗಳ ನಡುವೆ ಅದರ ಸಮಯ ಮುಗಿದು, ಮತ್ತೆ ಕಳಿಸಲೇ ಎಂದು ಪರದೆ ಕೇಳುತ್ತಿತ್ತು. ಅತ್ತ ರೇಣುಕಾ ಕಾಯುತ್ತಿದ್ದಳು. ನಾನು ಶರಣಪ್ಪನವರ ಮೊಬೈಲನ್ನು ಅವರ ಮುಂದೆಯೇ ಹಿಡಿದೆ. ಒತ್ತುವುದಾದರೆ ಅವರೇ ಒತ್ತಲಿ, ಆ ಪಾಪ ನನಗೆ ಬೇಡ ಅನ್ನಿಸಿತ್ತು. ಅವರು ಪರದೆಯನ್ನು ನೋಡಿದರು. ಆಮೇಲೆ ತಲೆ ಎತ್ತಿ ಕಂಬದ ಮೇಲಿನ ಕ್ಯಾಮೆರಾ ನೋಡಿದರು. ಮೊಬೈಲ್ ಇಸಿದುಕೊಂಡು ಪರದೆ ಆರಿಸಿ ಅಂಗಿಯ ಕಿಸೆಗೆ ಹಾಕಿಕೊಂಡರು.

“ಯಾವ ಪ್ಲಾನ್ ಹಾಕಿದ್ರ ತಿಂಗಳ ಪೂರ್ತಿ ಸಾಕಾಗತೈತ್ರಿ?” ಎಂದು ನನ್ನನ್ನು ಕೇಳಿದರು.

ಕರೆ ಇನ್ನೂ ಕಡಿದಿರಲಿಲ್ಲ. ನಾನು ನನ್ನ ಮೊಬೈಲನ್ನು ನೀಲವ್ವನ ಕೈಗೆ ಕೊಟ್ಟು, ಶೂ ಹಾಕಿಕೊಳ್ಳುವ ನೆಪದಲ್ಲಿ ಅಂಗಳಕ್ಕೆ ಇಳಿದೆ.

ಮಧ್ಯಾಹ್ನ ಶರಣಪ್ಪನವರನ್ನು ನನ್ನ ಬೈಕಿನಲ್ಲೇ ಕೊಪ್ಪಳದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮುಳ್ಳಿನ ಸುತ್ತ ಕೀವಾಗಿತ್ತು. ಇನ್ನೂ ತಡವಾಗಿದ್ದರೆ ಪಾದಕ್ಕೆ ಕುತ್ತು ಬರುತ್ತಿತ್ತು ಎಂದು ವೈದ್ಯರು ಗದರಿದರು. ಇವರು ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿ ಕೇಳಿಸಿಕೊಂಡರು. ಅಪ್ಪ ಮಗಳು ಪೂರ್ತಿ ರಾಜಿಯಾದರೆಂದು ನಾನು ಹೇಳಲಾರೆ. ಮುಂದೆ ಪ್ಲಾನ್ ಬದಲಿಸಲು ಹೋದಾಗಲೂ ಫೋಟೊ ಗೋಡೆಗೆ ಮರಳಿರಲಿಲ್ಲ. ಆದರೆ ಶರಣಪ್ಪ ಕ್ಯಾಮೆರಾದ ಎದುರಿಗೇ ಕುರ್ಚಿ ಹಾಕಿಕೊಂಡು, ಬ್ಯಾಂಡೇಜಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಯಾರಿಗೋ ತೋರಿಸುವವರ ಹಾಗೆ ಕೂತಿದ್ದರು.

ನಮ್ಮ ವೃತ್ತಿಯಲ್ಲಿ ಕಾರಣ ತಿಳಿಯದ ಬಳಕೆಗೆ ಲೀಕೇಜ್ ಎನ್ನುವ ರೂಢಿ ಇದೆ. ಸಿಕ್ಕ ತಕ್ಷಣ ಮುಚ್ಚುವುದೇ ಜಾಣತನ ಎಂದು ಹೊಸಬರಿಗೆ ನಾನೂ ಪಾಠ ಹೇಳಿದವನೇ. ಹಿಟ್ನಾಳದ ಮೇಲೆ ಆ ಪಾಠಕ್ಕೆ ಒಂದು ಮಾತು ಸೇರಿಸಿದೆ: ಎಷ್ಟು ಹೋಗುತ್ತಿದೆ ಎಂದು ಅಳೆದರೆ ಸಾಲದು, ಆ ತುದಿಯಲ್ಲಿ ಕೂತವರು ಯಾರೆಂದು ತಿಳಿದುಕೊಂಡೇ ಲೈನಿಗೆ ಕೈ ಹಾಕಬೇಕು.

ಆಸ್ಪತ್ರೆಗೆ ಹೋಗಿ ಬಂದ ಆ ದಿನ ಸಂಜೆ ಗಂಗಾವತಿಯ ಕಡೆ ಬೈಕ್ ಓಡಿಸುವಾಗ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನೀವು ನಗಬಾರದು. ಹೆಸರೇ ಎತ್ತಬೇಡಿ ಎಂದು ಮಗಳನ್ನು ಹೊರಗೆ ಹಾಕಿದ ಆ ಮನುಷ್ಯನ ಹಿಮ್ಮಡಿಯನ್ನು ಯಲಬುರ್ಗಾದಲ್ಲಿ ಒಲೆಯ ಪಕ್ಕ ಕೂತು ಒಬ್ಬಳು ನೋಡುತ್ತಿದ್ದಳು. ನಾನು ಯಾರೊಂದಿಗೂ ಮಾತು ಬಿಟ್ಟವನಲ್ಲ. ಮನೆ ಮುಟ್ಟಿ ಬೀಗ ತೆಗೆದು ದೀಪ ಹಾಕಿದೆ. ನಾನು ಕುಂಟಿದರೂ ಅಲ್ಲಿ ಯಾರಿಗೂ ಕಾಣುವುದಿಲ್ಲ.